ಕಂಡಕ್ಟರ್ ಫೌಸ್ಟಿನ್ ಮಥಾಯಸನ ಊಟ

ಅಲೆವೂರಿನ ಬಾಡಿಗೆ ಕೋಣೆಯಲ್ಲಿ ಫೌಸ್ಟಿನ್ ಮಥಾಯಸನಿಗೆ ಒಂದು ಊಟ ಮುಗಿಸಲು ಐವತ್ತು ನಿಮಿಷ ಬೇಕಿತ್ತು. ಹಾಗೆಂದು ಅವನೇನು ಎಲೆ ತುಂಬ ಬಡಿಸಿಕೊಂಡು ಉಣ್ಣುವ ಆಸಾಮಿಯಲ್ಲ. ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು, ಹೆಚ್ಚೆಂದರೆ ಒಂದು ಪಲ್ಯ, ಅಷ್ಟೇ. ಎದುರಿಗೆ ಒಂದು ಚೊಂಬು ನೀರು, ಪಕ್ಕದಲ್ಲಿ ಮಡಚಿಟ್ಟ ಕರವಸ್ತ್ರ, ಚೊಂಬಿಗೆ ಒರಗಿಸಿದ ಕೈಗನ್ನಡಿ. ಪ್ರತಿ ತುತ್ತಿಗೂ ಒಂದು ಗುಟುಕು ನೀರು, ಮೂರು ತುತ್ತಿಗೊಮ್ಮೆ ಕನ್ನಡಿ. ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶವೇ ಇಲ್ಲದವನಿಗೆ ಅನ್ನದ ಅಗುಳು ಎಲ್ಲಿ ಅಂಟಿದೆ ಎಂದು ಕನ್ನಡಿಯೇ ಹೇಳಬೇಕು, ಬೇರೆ ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಈ ಬಾಯಿಯ ಕಥೆ ಹೇಳುವ ಮೊದಲು ಹಳೆಯ ಬಾಯಿಯ ವಿಷಯ ಸ್ವಲ್ಪ ಹೇಳಬೇಕು. ಇಪ್ಪತ್ತಾರು ವರ್ಷ ಅವನು ಕಾರ್ಕಳ–ಉಡುಪಿ–ಕಾಪು ಬಸ್ಸಿನ ಕಂಡಕ್ಟರ್. ಅಬ್ಬಬ್ಬಾ, ಅದು ಬಾಯಿಯೆಂದರೆ ಬಾಯಿ! "ಹೋಗಿ ಹೋಗಿ, ಮುಂದೆ ಹೋಗಿ, ಒಳಗೆ ಮದುವೆ ಮಾಡುವಷ್ಟು ಜಾಗ ಉಂಟು" ಎಂದು ಅವನು ಮಣಿಪಾಲದ ಟೈಗರ್ ಸರ್ಕಲಿನಲ್ಲಿ ಕೂಗಿದರೆ ಎದುರಿನ ಅಂಗಡಿಯವರೂ ನಗುತ್ತಿದ್ದರು. ಹಲಸಿನಹಣ್ಣು ಹೊತ್ತು ಹತ್ತಿದ ಅಜ್ಜಿಯ ಹತ್ತಿರ ಹಣ್ಣಿಗೆ ಅರ್ಧ ಟಿಕೆಟ್ ಕೇಳುವುದು, ಅಜ್ಜಿ ರೇಗಿದರೆ "ಬೇಡ, ಎರಡು ಸೊಳೆ ಕೊಡಿ ಸಾಕು" ಎನ್ನುವುದು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಯಾವ ಭಾಷೆಯಲ್ಲಿ ಬೈದರೂ ಅದೇ ಭಾಷೆಯಲ್ಲಿ ಉತ್ತರ. ಮದುವೆ ಮಾತ್ರ ಆಗಲಿಲ್ಲ. ತಮ್ಮ ಆಲ್ಫೋನ್ಸ್ ಮಸ್ಕತ್ತಿಗೆ ಹೋದ ಮೇಲೆ ಅಜೆಕಾರಿನ ಮನೆ, ಅಮ್ಮ, ತಮ್ಮನ ಹೆಂಡತಿ ಲೊರ್ನಾ, ಮಕ್ಕಳು ಎಂದು ನೋಡಿಕೊಳ್ಳುವುದರಲ್ಲಿ ವಯಸ್ಸು ಜಾರಿಹೋಯಿತು. ಅದಕ್ಕಾಗಿ ಅವನು ಯಾವತ್ತೂ ಮುಖ ಸಣ್ಣ ಮಾಡಿದವನಲ್ಲ.

ಕೂಗಿ ಕೂಗಿ ಬಾಯಿ ಒಣಗುತ್ತದೆ ಎಂಬ ನೆಪದಲ್ಲಿ ಎಡದವಡೆಯ ಸಂದಿಯಲ್ಲಿ ಹೊಗೆಸೊಪ್ಪಿನ ಉಂಡೆ ಇಟ್ಟುಕೊಳ್ಳುತ್ತಿದ್ದ. ನೆಪ ಎಂದು ಅವನಿಗೂ ಗೊತ್ತಿತ್ತು. ಅಲ್ಲೇ ಹುಣ್ಣಾಯಿತು. ಮೂರು ತಿಂಗಳು ಉಪ್ಪುನೀರು ಮುಕ್ಕಳಿಸಿ ತನ್ನನ್ನು ತಾನೇ ಮೋಸ ಮಾಡಿಕೊಂಡ. ಕೊನೆಗೆ ಹಲ್ಲು ಅಲುಗಾಡತೊಡಗಿದಾಗ ಉಡುಪಿಯ ಹಲ್ಲಿನ ಡಾಕ್ಟರು ಒಮ್ಮೆ ಬಾಯೊಳಗೆ ನೋಡಿ, ಕೈಗವಸು ತೆಗೆದು, "ಇವತ್ತೇ ಮಣಿಪಾಲಕ್ಕೆ ಹೋಗಿ" ಎಂದರು. ತಾನೇ ದಿನಕ್ಕೆ ನಾಲ್ಕು ಸಲ ಜನರನ್ನು ಇಳಿಸುತ್ತಿದ್ದ ಆಸ್ಪತ್ರೆಯ ಸ್ಟಾಪಿನಲ್ಲಿ ಅವತ್ತು ಫೌಸ್ಟಿನ್ ತಾನೇ ಇಳಿದ.

ಹತ್ತು ಗಂಟೆಗಳ ಆಪರೇಶನ್. ಎಡಗಡೆಯ ಕೆಳದವಡೆಯನ್ನು ಗಲ್ಲದ ತನಕ ತೆಗೆದರು. ಬಲಗಾಲಿನ ಕಿರುಮೂಳೆಯನ್ನು ಅದರ ಮೇಲಿನ ಚರ್ಮ, ರಕ್ತನಾಳಗಳ ಸಮೇತ ಬಿಡಿಸಿ, ಅಳತೆಗೆ ಸರಿಯಾಗಿ ಮೂರು ತುಂಡು ಮಾಡಿ, ಬಾಗಿಸಿ ಕೂಡಿಸಿ ಹೊಸ ದವಡೆ ಮಾಡಿದರು. ಕಾಲಿನ ಮೂಳೆ ಬಾಯಿಗೆ! ಹೇಳಿದರೆ ಯಾರು ನಂಬುತ್ತಾರೆ? ಚರ್ಮದ ಜೊತೆ ಕಾಲಿನ ನಾಲ್ಕು ಕೂದಲೂ ಬಾಯಿಯೊಳಗೆ ಬಂದು ಕೂತಿದ್ದವು. ಆಮೇಲಿನ ಮೂವತ್ತು ದಿನಗಳ ರೇಡಿಯೇಶನ್ ಆ ಕೂದಲನ್ನು ಉದುರಿಸಿತು, ಜೊತೆಗೆ ಎಡಗೆನ್ನೆಯ ಗಡ್ಡವನ್ನೂ ಬಾಯಿಯ ಜೊಲ್ಲನ್ನೂ ಒಯ್ದಿತು. ಮೂಗಿನ ಕೊಳವೆ ತೆಗೆದ ದಿನ ಅವನು ಬಾತ್‌ರೂಮಿನ ಕನ್ನಡಿ ನೋಡಿದ. ತುಟಿಯಿಂದ ಕುತ್ತಿಗೆಗೆ ಇಳಿದು ಕಿವಿಯ ಹಿಂದಕ್ಕೆ ಹೋದ ಗಾಯದ ಗೆರೆ, ಒಂದು ಬದಿಗೆ ಎಳೆದ ಗಲ್ಲ, ಮುಚ್ಚಿದರೂ ಪೂರ್ತಿ ಮುಚ್ಚದ ತುಟಿ. ಇವನ್ಯಾರಪ್ಪ ಎನ್ನಿಸಿತು. ಅತ್ತ ಎಂದು ಹೇಳಬೇಕಾಗಿಲ್ಲ, ಅತ್ತ.

ಆದರೂ ಅವನನ್ನು ಮನೆ ಬಿಡಿಸಿದ್ದು ಆ ಮುಖವಲ್ಲ, ಒಂದು ತೆನೆಹಬ್ಬದ ಊಟ.

ಸೆಪ್ಟೆಂಬರ್ ಎಂಟು, ಮಾತೆ ಮೇರಿಯ ಹುಟ್ಟಿದ ದಿನ. ಅವತ್ತು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಅರೆದು, ತೆಂಗಿನಹಾಲು ಬೆಲ್ಲದಲ್ಲಿ ಕಲಸುತ್ತಾರೆ. ಅದೇ ನೊವೆಂ, ಹೊಸ ಅಕ್ಕಿ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಕೊಟ್ಟು ತಾವೂ ತಿಂದ ಮೇಲೆ ಊಟ. ಮೀನು ಮಾಂಸ ಇಲ್ಲ, ತರಕಾರಿಗಳದ್ದೇ ದರ್ಬಾರು. ಮನೆಯವರು ಯಾರೇ ಎಲ್ಲೇ ಇರಲಿ, ಅವರ ಪಾಲಿನ ನೊವೆಂ ಅವರಿಗೆ ಮುಟ್ಟಲೇಬೇಕು. ದೂರದವರಿಗೆ ಒಣಗಿಸಿದ ಕಾಳನ್ನು ಕವರಿನಲ್ಲಿ ಹಾಕಿ ಕಳಿಸುವುದು ಅಜ್ಜನ ಕಾಲದಿಂದ ಬಂದ ಕ್ರಮ. ಅಮ್ಮ ತೀರಿದ ಮೇಲೆ ಮಥಾಯಸರ ಮನೆಯಲ್ಲಿ ನೊವೆಂ ಕೊಡುವವನು ಫೌಸ್ಟಿನ್.

ಆಪರೇಶನ್ ಆಗಿ ಆರು ತಿಂಗಳಿಗೆ ಬಂದ ಹಬ್ಬದಲ್ಲೂ ಅವನೇ ಕೊಟ್ಟ. ಎರಡು ಚಮಚ ನೊವೆಂ ಬಾಯಿಗೆ ಹಾಕಿಕೊಂಡ. ಅದು ತುಟಿಯ ಎಡಗಡೆಯಿಂದ ಹೊರಟು ಗಲ್ಲ ದಾಟಿ ಅಂಗಿಯ ಮೇಲೆ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮೇಜಿನ ಮೇಲೆ ಮಾತು ನಿಂತದ್ದು ಗೊತ್ತಾಯಿತು. ಲೊರ್ನಾ ಎದ್ದು ಬಂದು, ಪಾಪದ ಹೆಂಗಸು, ತನ್ನ ಸೆರಗಿನಿಂದ ಅವನ ಗಲ್ಲ ಒರೆಸಿದಳು. ಲೊರ್ನಾಳ ತಾಯಿ ವಿಲ್ಮಾಬಾಯಿ, "ಅವನಿಗೆ ಒಳಗೆ ಕೊಡು ಮಗಳೇ, ಆರಾಮದಲ್ಲಿ ತಿನ್ನಲಿ" ಎಂದರು. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದು ಒಂದು ಚೂರೂ ಇರಲಿಲ್ಲ. ಆದರೆ ಫೌಸ್ಟಿನ್ ಲೊರ್ನಾಳ ಕೈಯನ್ನು ಜೋರಾಗಿ ತಳ್ಳಿ, ಹಬ್ಬದ ಎಲೆಯನ್ನು ಹಾಗೇ ಬಿಟ್ಟು ಎದ್ದ. ಒಂದು ತಿಂಗಳಲ್ಲಿ "ಆಸ್ಪತ್ರೆಗೆ ಹತ್ತಿರ ಆಗ್ತದೆ" ಎಂದು ಅಲೆವೂರಿನಲ್ಲಿ ಕೋಣೆ ಹಿಡಿದ. ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನಲಿ ಎಂದು ಅವನು ಒಂದು ವಾರ ಪೆಟ್ಟಿಗೆ ಕಟ್ಟುತ್ತಲೇ ಇದ್ದ.

ಬಸ್ಸಿನ ಯಜಮಾನರು ಭುಜಂಗ ಶೆಟ್ಟರು ಒಳ್ಳೆಯ ಮನುಷ್ಯರು. ಕಾಪು ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಕೆಲಸ ಕೊಟ್ಟರು. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವುದು, ತಡವಾದರೆ ಡ್ರೈವರಿಗೆ ವಾಚು ತೋರಿಸುವುದು. ಬಾಯಿ ಬೇಡದ ಕೆಲಸ. ಊರಿಗೆಲ್ಲ ಮಾಸ್ಕು ಬಿಟ್ಟುಹೋಗಿ ವರ್ಷವಾದರೂ ಅವನಿಗೆ ಮಾತ್ರ ಉಳಿಯಿತು. ಇಪ್ಪತ್ತಾರು ವರ್ಷ ದಿನಾ ಮಾತಾಡಿದ ಜನ ಪಕ್ಕದಲ್ಲೇ ನಿಂತು ಬಸ್ಸು ಕಾದು, ಹತ್ತಿ ಹೋಗುತ್ತಿದ್ದರು. ಕೆಲವರಿಗೆ ಗುರುತು ಸಿಗುತ್ತಿರಲಿಲ್ಲ, ಕೆಲವರು ಗುರುತು ಸಿಕ್ಕಿದ್ದಕ್ಕೇ ಆಚೆ ನೋಡುತ್ತಿದ್ದರು. ಬುತ್ತಿಯನ್ನು ಸ್ಟ್ಯಾಂಡಿನಲ್ಲಿ ಬಿಚ್ಚಿದವನೇ ಅಲ್ಲ. ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿಯೇ ಅವನ ದಿನದ ಮೊದಲ ಅನ್ನ.

ಎರಡು ವರ್ಷ ತೆನೆಹಬ್ಬಕ್ಕೆ ಅವನು ಹೋಗಲಿಲ್ಲ. ಎರಡೂ ವರ್ಷ ಲೊರ್ನಾ ಅಜೆಕಾರಿನಿಂದ ಬಸ್ಸಿನಲ್ಲಿ ಅವನ ಪಾಲು ಕಳಿಸಿದಳು. ಕಂಡಕ್ಟರ್ ಹುಡುಗರು ಕೈಯಿಂದ ಕೈಗೆ ದಾಟಿಸಿ ಕಾಪುವಿಗೆ ಮುಟ್ಟಿಸಿದರು. ಅವನೂ ಬೇಕಾದಷ್ಟು ಸಲ ಬೇರೆಯವರ ಬುತ್ತಿ ದಾಟಿಸಿದವನೇ ತಾನೆ, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಈ ನಡುವೆ ಅವನ ಬಾಯಿ, ಯಾರಿಗೂ ಹೇಳದೆ ಕೇಳದೆ, ಸ್ವಲ್ಪ ಸ್ವಲ್ಪವಾಗಿ ವಾಪಸ್ಸು ಬರುತ್ತಿತ್ತು. ಸುಮ್ಮನೆ ಬರಲಿಲ್ಲ. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ತುರುಕಿ ಬಾಯಿ ಅಗಲ ಮಾಡುವ ವ್ಯಾಯಾಮ, ದಿನಕ್ಕೆ ಐದು ಸಲ. ಮೊದಲು ಒಂಬತ್ತು ಕಡ್ಡಿಗೇ ಕಣ್ಣಲ್ಲಿ ನೀರು. ಎರಡು ವರ್ಷದಲ್ಲಿ ಇಪ್ಪತ್ತೊಂದಕ್ಕೆ ಬಂತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಭವ್ಯಶ್ರೀ ಎಂಬ ಹುಡುಗಿ, ಮಗಳ ಪ್ರಾಯದವಳು, ಹೆಡ್‌ಮಾಸ್ಟರಿಗಿಂತ ಜೋರು. ತುಟಿ ಕೂಡಿಸಿ ಹೇಳಬೇಕಾದ ಅಕ್ಷರಗಳು ಅವನಿಗೆ ಬರುತ್ತಿರಲಿಲ್ಲ, ಗಾಳಿ ಪುಸಕ್ಕೆಂದು ಎಡಗಡೆಯಿಂದ ಹೋಗಿಬಿಡುತ್ತಿತ್ತು. ಅವಳು ಕೊಟ್ಟ ಪಟ್ಟಿ ಓದಿ ಓದಿ ಬೇಜಾರಾಗಿ ಒಂದು ದಿನ ಕಾಗದ ಬದಿಗಿಟ್ಟ.

"ಎಂತ ಅಂಕಲ್, ಪ್ರ್ಯಾಕ್ಟೀಸ್ ಮಾಡ್ಲಿಲ್ವಾ?"

"ಇದು ಮಕ್ಕಳ ಪಾಠ. ನನಗೆ ನನ್ನದೇ ಉಂಟು" ಎಂದು ಅವನು ಕಾಪುವಿನಿಂದ ಶುರು ಮಾಡಿದ. ಪಾಂಗಾಳ, ಕಟಪಾಡಿ, ಉದ್ಯಾವರ, ಅಂಬಲಪಾಡಿ, ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು, ಕಾರ್ಕಳ. ಒಂದೊಂದು ಸ್ಟಾಪಿನಲ್ಲೂ ಎಡವಿದ. ಭವ್ಯಶ್ರೀ ನಗಲಿಲ್ಲ. "ಪಾಂಗಾಳ ಇನ್ನೊಮ್ಮೆ. ತುಟಿ ಬೆರಳಲ್ಲಿ ಒತ್ತಿ ಹಿಡಿದು ಹೇಳಿ" ಎಂದಳು. ಅವತ್ತಿನಿಂದ ದಿನಾ ಸಂಜೆ ಬಾಗಿಲು ಹಾಕಿದ ಕೋಣೆಯಲ್ಲಿ, ಹತ್ತುವವರೂ ಇಳಿಯುವವರೂ ಇಲ್ಲದ ಬಸ್ಸೊಂದು ಕಾಪುವಿಗೂ ಕಾರ್ಕಳಕ್ಕೂ ಓಡಾಡುತ್ತಿತ್ತು.

ಕಳೆದ ಚಳಿಗಾಲದಲ್ಲಿ, ದವಡೆಯಾಗಿ ಕೂತಿದ್ದ ಕಾಲಿನ ಮೂಳೆಗೆ ನಾಲ್ಕು ಸ್ಕ್ರೂ ಕೂಡಿಸಿ, ಅದು ಗಟ್ಟಿಯಾದ ಮೇಲೆ ಮಳೆ ಶುರುವಾಗುವ ಹೊತ್ತಿಗೆ ಹಲ್ಲು ಕಟ್ಟಿದರು. ಹಲ್ಲು ಬಂದದ್ದೇ ಗಲ್ಲಕ್ಕೊಂದು ಆಧಾರ ಬಂತು, ತುಟಿ ಹತ್ತಿರ ಬಂತು. ಹಳೆಯ ಮುಖವಲ್ಲ, ಆದರೆ ಒಂದು ಮುಖ. ಸ್ಪರ್ಶ ಮಾತ್ರ ಬರಲಿಲ್ಲ. ಅದು ಇನ್ನು ಬರಲಿಕ್ಕಿಲ್ಲ ಎಂದು ಡಾಕ್ಟರು ನೇರ ಹೇಳಿದರು. ಜುಲೈಯ ಒಂದು ಮಧ್ಯಾಹ್ನ, ಮೂರೂವರೆ ಗಂಟೆಗೆ, ಮಣಿಪಾಲದ ಒಂದು ಸಣ್ಣ ಹೋಟೆಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು, ಮಾಸ್ಕು ತೆಗೆದು ನೀರುದೋಸೆ ತಿಂದ. ಮೂರು ತುತ್ತಿಗೊಮ್ಮೆ ಕರವಸ್ತ್ರ. ಯಾರೂ ತಿರುಗಿ ನೋಡಲಿಲ್ಲ. ಮಾಣಿ ಬಂದು "ಇನ್ನೆಂತ ಕೊಡ್ಲಿ?" ಎಂದು ಕೇಳಿದ, ಎಲ್ಲರ ಹತ್ತಿರ ಕೇಳುವ ಹಾಗೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಹಸಿವಿಲ್ಲದಿದ್ದರೂ ಇನ್ನೊಂದು ಪ್ಲೇಟ್ ಹೇಳಿದ. ಆಗಲೇ ತೀರ್ಮಾನ ಮಾಡಿಯಾಯಿತು. ಈ ಸಲ ಅಜೆಕಾರಿನ ಮನೆಯಲ್ಲಿ, ಎಲ್ಲರ ನಡುವೆ, ಹಿರಿಯನ ಕುರ್ಚಿಯಲ್ಲಿ ಕೂತು ಹೊಸ ಅಕ್ಕಿ ಕೊಡುವುದು ತಾನೇ. ಪ್ರಾರ್ಥನೆಯೂ ತನ್ನದೇ. ಒಂದು ತಿಂಗಳು ಕನ್ನಡಿಯ ಎದುರು ಅದನ್ನು ಹೇಳಿ ಹೇಳಿ ಬಾಯಿಪಾಠ ಮಾಡಿದ.

ಮನೆಗೆ ಮೊದಲೇ ತಿಳಿಸಬಹುದಿತ್ತು. ತಿಳಿಸಲಿಲ್ಲ. ಸ್ವಂತ ಮನೆಗೆ ಹೋಗಲು ಹೇಳಿ ಕಳಿಸಬೇಕೇ ಎಂಬ ಜಂಬ ಒಂದು ಕಡೆ, ಹೇಳಿದರೆ "ಬೇಡ, ನಿಮಗೆ ತೊಂದರೆ" ಎಂದುಬಿಟ್ಟರೆ ಎಂಬ ಹೆದರಿಕೆ ಇನ್ನೊಂದು ಕಡೆ. ಹಬ್ಬದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮಾಸ್ಕನ್ನು ಕೋಣೆಯಲ್ಲೇ ಬಿಟ್ಟು ಹೊರಟ. ಕಾರ್ಕಳದಲ್ಲಿ ಬಸ್ಸು ಬದಲಿಸಿ, ಪರಿಚಯವಿಲ್ಲದ ಕಂಡಕ್ಟರನ ಹತ್ತಿರ "ಒಂದು ಅಜೆಕಾರು" ಎಂದ. ಅವನು ಎರಡನೇ ಸಲ ಕೇಳದೆ ಟಿಕೆಟ್ ಹರಿದುಕೊಟ್ಟ. ಫೌಸ್ಟಿನ್ ಆ ಟಿಕೆಟನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ಮನೆ ಮುಟ್ಟುವಾಗ ಹನ್ನೆರಡೂವರೆ. ಅಂಗಳದಲ್ಲಿ ಕಾರು, ಒಳಗೆ ನಗೆ, ಒಗ್ಗರಣೆಯ ವಾಸನೆ. ಬಾಗಿಲಲ್ಲಿ ಮೊದಲು ಕಂಡದ್ದು ಗೋಡೆ ಬದಿಯ ಸಣ್ಣ ಮೇಜು. ಅದರ ಮೇಲೆ ಮೂರು ಕವರುಗಳು, ಒಂದೊಂದರ ಮೇಲೂ ಲೊರ್ನಾಳ ದುಂಡಗಿನ ಅಕ್ಷರ. ಬ್ರ್ಯಾಂಡನ್, ಕುವೈಟ್. ಸೆಲೀನ್, ಮುಂಬೈ. ಇಬ್ಬರೂ ಆಲ್ಫೋನ್ಸನ ಮಕ್ಕಳು, ಕೆಲಸಕ್ಕೆಂದು ದೂರ ಹೋದವರು. ಮೂರನೆಯದು ಫೌಸ್ಟಿನ್, ಅಲೆವೂರು. ಪಕ್ಕದಲ್ಲಿ ಸ್ಟೀಲಿನ ಬುತ್ತಿ, ಮುಚ್ಚಳ ಇನ್ನೂ ಹಾಕಿರಲಿಲ್ಲ. ಏಳು ತರಕಾರಿಯ ಹಬ್ಬದಡುಗೆಯನ್ನು ಒಟ್ಟಿಗೆ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ ತುಂಬಿಸಿದ್ದಳು, ಮಗುವಿಗೆ ಮಾಡುವ ಹಾಗೆ.

ಮೂರನೆಯ ಕವರನ್ನು ಅವನು ಇನ್ನೊಮ್ಮೆ ಓದಿದ. ಕುವೈಟ್ ಸಮುದ್ರದಾಚೆ. ಮುಂಬೈ ಒಂದು ರಾತ್ರಿಯ ರೈಲು. ಅಲೆವೂರು ಎರಡು ಬಸ್ಸು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಕಾಪುವಿನಲ್ಲಿ ಬುತ್ತಿ ಕೈಗೆ ಬಂದಾಗ ತೋಚದೇ ಇದ್ದದ್ದು ಈ ಮೇಜಿನ ಮುಂದೆ ತೋಚಿತು. ಮನೆಯ ಲೆಕ್ಕದಲ್ಲಿ ಅವನು ಊರಲ್ಲಿ ಇಲ್ಲದವನು. ಕವರಿನ ಮೇಲೆ ಅಕ್ಷರ ತಪ್ಪಬಾರದೆಂದು ಎಷ್ಟು ನಿಧಾನವಾಗಿ, ಎಷ್ಟು ಪ್ರೀತಿಯಿಂದ ಬರೆದಿದ್ದಾಳೆ! ಸಿಟ್ಟು ಮಾಡುವುದಾದರೂ ಯಾರ ಮೇಲೆ? ಹಾಗೇ ಹಿಂದೆ ತಿರುಗಿ ಹೋಗಿಬಿಡುತ್ತಿದ್ದನೋ ಏನೋ.

"ಅಯ್ಯೋ ದೇವರೇ, ಬಾವ!" ಲೊರ್ನಾ ಅಡುಗೆಮನೆಯಿಂದ ಓಡಿಬಂದಳು. "ಒಂದು ಮಾತು ಹೇಳಿ ಬರ್ಲಿಕ್ಕೆ ಆಗ್ಲಿಲ್ವಾ? ನಾನು ಎರಡು ಗಂಟೆಯ ಬಸ್ಸಿಗೆ ಕಳಿಸ್ಲಿಕ್ಕೆ ಎಲ್ಲ ರುಬ್ಬಿ ಇಟ್ಟಿದ್ದೇನೆ."

"ರುಬ್ಬಿದ್ದು ಬೇಡ. ಎಲೆ ಹಾಕು."

ಅವಳಿಗೆ ಅರ್ಥವಾಯಿತು. ಆದರೂ ಒಂದು ಗಳಿಗೆ ಅವನ ಬಾಯಿಯನ್ನೇ ನೋಡಿ, ತಟ್ಟನೆ ಕಣ್ಣು ಆಚೆ ತೆಗೆದಳು.

ಮಸ್ಕತ್ತಿನಿಂದ ರಜೆಗೆ ಬಂದಿದ್ದ ಆಲ್ಫೋನ್ಸ್ ಮೇಜಿನ ತುದಿಯ ಕುರ್ಚಿಯಲ್ಲಿ ಕೂತಿದ್ದ, ಎದುರಿಗೆ ಮೊಂಬತ್ತಿ, ನೊವೆಂ ಬಟ್ಟಲು. ಅಣ್ಣನನ್ನು ಕಂಡು ಗಡಬಡಿಸಿ ಎದ್ದ. "ಬಾ ಅಣ್ಣ, ಬಾ. ಇದು ನಿನ್ನ ಜಾಗ ಅಲ್ವಾ" ಎಂದು ಕುರ್ಚಿ ಎಳೆದುಕೊಟ್ಟ. ಆಲ್ಫೋನ್ಸನ ಮಗಳು ಆಶ್ಲಿ, ಅವಳ ಗಂಡ ಕಾರ್ಲ್ಟನ್, ವಿಲ್ಮಾಬಾಯಿ ಎಲ್ಲರೂ ಒಂದೊಂದು ಕುರ್ಚಿ ಸರಿದರು. ಯಾರೂ ಅವನ ಮುಖ ನೋಡಲಿಲ್ಲ. ಎಲೆ ನೋಡಿದರು, ಮೊಂಬತ್ತಿ ನೋಡಿದರು, ಬಟ್ಟಲು ನೋಡಿದರು. ಅವನಿಗೆ ನೋವಾಗಬಾರದೆಂದು ಮಾತಾಡಿಕೊಂಡ ಹಾಗಿತ್ತು. ಐದು ಜನರ ನಡುವೆ ಕೂತು ಫೌಸ್ಟಿನ್‌ಗೆ ಅಲೆವೂರಿನ ಕೋಣೆಗಿಂತ ಹೆಚ್ಚು ಒಂಟಿ ಎನ್ನಿಸಿತು.

ಎದ್ದು ನಿಂತು ಶಿಲುಬೆಯ ಗುರುತು ಮಾಡಿ ಪ್ರಾರ್ಥನೆ ಶುರು ಮಾಡಿದ. ಕೊಂಕಣಿಯ ಮಾತುಗಳು ಒಂದೊಂದಾಗಿ ಬಂದವು, ಕೆಲವು ಸೋರಿದವು, ಕೆಲವು ನೆಟ್ಟಗೆ ನಿಂತವು. ಹೊಸ ಬೆಳೆಗೆ ಕೃತಜ್ಞತೆ ಹೇಳಿದ. ಅಪ್ಪ ಅಮ್ಮನ ಹೆಸರು ಹೇಳಿದ. ಅಷ್ಟರಲ್ಲಿ ಬಾಯಿ ಪೂರ್ತಿ ಒಣಗಿ ನಾಲಗೆ ಅಂಟಿಕೊಂಡಿತು. ಒಂದು ಗುಟುಕು ನೀರಿಗಾಗಿ ನಿಲ್ಲಿಸಿ ಲೋಟಕ್ಕೆ ಕೈಹಾಕಿದ.

"ಆಮೆನ್" ಎಂದರು ವಿಲ್ಮಾಬಾಯಿ.

"ಆಮೆನ್" ಎಂದರು ಎಲ್ಲರೂ, ಬೇಗ ಬೇಗ, ಅವನನ್ನು ಕಷ್ಟದಿಂದ ಬಿಡಿಸಿದ ಸಮಾಧಾನದಲ್ಲಿ. ಆಲ್ಫೋನ್ಸ್ ನೊವೆಂ ಬಟ್ಟಲಿಗೆ ಕೈಚಾಚಿಯೂ ಆಯಿತು.

ಫೌಸ್ಟಿನ್ ಲೋಟ ಹಿಡಿದು ತಮ್ಮನ ಕೈಯನ್ನೇ ನೋಡಿದ. ಹೌದು, ಇವರು ಒಳ್ಳೆಯವರು. ಒಳ್ಳೆಯತನದಿಂದಲೇ ತನ್ನನ್ನು ಅರ್ಧದಲ್ಲಿ ಮುಗಿಸುತ್ತಿದ್ದಾರೆ. ಈಗ ಸುಮ್ಮನೆ ಕೂತರೆ ಬರುವ ವರ್ಷವೂ ಕವರೇ, ಅದರಾಚೆಯ ವರ್ಷವೂ ಕವರೇ. ನೀರು ಕುಡಿದ. ಕರವಸ್ತ್ರದಿಂದ ಗಲ್ಲ ಒರೆಸಿಕೊಂಡ.

"ಕೈ ಹಿಂದೆ ತೆಗಿ ಆಲ್ಫೋನ್ಸ್. ನನ್ನದು ಇನ್ನೂ ಮುಗೀಲಿಲ್ಲ."

ಆ ಮಾತು ಮಾತ್ರ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಹಾಗೆ ಬಂತು. ಆಲ್ಫೋನ್ಸ್ ಕೈ ತೆಗೆದ. ವಿಲ್ಮಾಬಾಯಿ ಮತ್ತೆ ಕೈ ಮುಗಿದರು. ಈಗ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಬೇರೆ ದಾರಿಯೇ ಇರಲಿಲ್ಲ. ಅವನು ದೂರ ಇರುವವರಿಗಾಗಿ ಬೇಡಿದ. ಬ್ರ್ಯಾಂಡನ್ ಎಂದ, ಮೊದಲ ಅಕ್ಷರಕ್ಕೆ ತುಟಿಯನ್ನು ಬೆರಳಿಂದ ಒತ್ತಿ ಹಿಡಿದು, ಇನ್ನೊಮ್ಮೆ ಸರಿಯಾಗಿ ಬ್ರ್ಯಾಂಡನ್ ಎಂದ. ಸೆಲೀನ್ ಎಂದ. ಮೂರನೆಯ ಹೆಸರು ಹೇಳಲಿಲ್ಲ. ಆಮೇಲೆ ತಾನೇ ಆಮೆನ್ ಹೇಳಿ, ವಿಲ್ಮಾಬಾಯಿಯಿಂದ ಶುರು ಮಾಡಿ ಎಲ್ಲರಿಗೂ ಹೊಸ ಅಕ್ಕಿ ಕೊಟ್ಟು, ಕೊನೆಗೆ ತಾನು ತಿಂದ.

ಊಟ ನಡೆಯಿತು. ಇಪ್ಪತ್ತು ನಿಮಿಷದಲ್ಲಿ ಉಳಿದವರ ಎಲೆ ಖಾಲಿ. ಫೌಸ್ಟಿನ್ ಇನ್ನೂ ಎರಡನೇ ತರಕಾರಿಯಲ್ಲಿದ್ದ. ಹಬ್ಬದ ದಿನ ಹಿರಿಯರು ಏಳದೆ ಯಾರೂ ಏಳುವ ಕ್ರಮ ಆ ಮನೆಯಲ್ಲಿಲ್ಲ. ಕಾರ್ಲ್ಟನ್‌ನ ಕಿಸೆಯಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ವಿಲ್ಮಾಬಾಯಿ ಕುರ್ಚಿಯಲ್ಲೇ ಒಂದು ಬದಿಯಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. "ನೀವೆಲ್ಲ ಏಳಿ, ನನಗೆ ತಡ ಆಗ್ತದೆ" ಎಂಬ ಮಾತು ಫೌಸ್ಟಿನ್‌ನ ನಾಲಗೆಯ ತುದಿಗೆ ಬಂತು. ಮರ್ಯಾದೆಯ ಮಾತು. ಎಲ್ಲರೂ ಅದಕ್ಕಾಗಿಯೇ ಕಾಯುತ್ತಿದ್ದರು. ಅವನು ಆ ಮಾತನ್ನು ಬೆಂಡೆಕಾಯಿಯ ಜೊತೆ ನಿಧಾನವಾಗಿ ಅಗಿದು ನುಂಗಿದ.

ಬಡಿಸುವವಳಿಗೆ ಆ ಕ್ರಮವಿಲ್ಲ. ಲೊರ್ನಾ ಎದ್ದು, ಎಡಗೈಯಲ್ಲಿ ಸೌಟು ಹಿಡಿದು ಅವನ ಹತ್ತಿರ ಬಂದಳು. ಈ ಸಲ ಕಣ್ಣು ಆಚೆ ತೆಗೆಯಲಿಲ್ಲ.

"ಹೀರೆಕಾಯಿ ಇನ್ನು ಸ್ವಲ್ಪ ಹಾಕ್ಲಾ ಬಾವ?"

ಎಲ್ಲರ ಕೈಯೂ ಆಗಲೇ ಒಣಗಿ ಬೆರಳು ಅಂಟಿಕೊಂಡಿದ್ದವು. ಫೌಸ್ಟಿನ್ ಮೇಜಿನ ಸುತ್ತ ಒಮ್ಮೆ ನೋಡಿದ.

"ಹಾಕು" ಎಂದ.